ಹಳ್ಳಿಗೆ ನಡೆದು ಬಂದ ಕಣ್ಣಿನ ವೈದ್ಯ
ಬೀಳಗಿಯ ಡಾ. ಎಂ. ಸಿ. ಮೋದಿ

ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿನಲ್ಲಿ ಘೋಣಸಗಿ ಎಂಬ ಹಳ್ಳಿಯಿದೆ. ಮಳೆ ಕಡಿಮೆ, ಬಿಸಿಲು ಹೆಚ್ಚು, ಗಾಳಿ ಬೀಸಿದರೆ ಧೂಳು. ಎಂಬತ್ತು ವರ್ಷಗಳ ಹಿಂದೆ ಇಂಥ ಹಳ್ಳಿಯೊಂದರಲ್ಲಿ ಮುತ್ಯಾನೊಬ್ಬನ ಕಣ್ಣು ಮಂಜಾಗತೊಡಗಿದರೆ ಏನಾಗುತ್ತಿತ್ತೆಂದು ಸ್ವಲ್ಪ ಯೋಚಿಸಿ ನೋಡಿ. ಕಣ್ಣಿನ ವೈದ್ಯರು ಇರುತ್ತಿದ್ದುದು ದೊಡ್ಡ ಊರುಗಳಲ್ಲಿ. ಮೀರಜಿನ ಮಿಶನ್ ಆಸ್ಪತ್ರೆಗೋ ಸೊಲ್ಲಾಪುರಕ್ಕೋ ಹೋಗಬೇಕೆಂದರೆ ಬಂಡಿ ಕಟ್ಟಬೇಕು, ರೈಲು ಹತ್ತಬೇಕು, ಜೊತೆಗೆ ಒಬ್ಬ ಮಗ ಕೂಲಿ ಬಿಟ್ಟು ಹೋಗಬೇಕು. ಅಷ್ಟೆಲ್ಲ ಯಾರಿಂದ ಸಾಧ್ಯ? ಆದ್ದರಿಂದ ಮುತ್ಯಾ ಕಟ್ಟೆಯ ಮೇಲೆ ಕುಳಿತುಬಿಡುತ್ತಿದ್ದ. ಮೊಮ್ಮಗ ಕೋಲು ಹಿಡಿದು ಅವನನ್ನು ನಡೆಸುತ್ತಿದ್ದ. ವಯಸ್ಸಾದ ಮೇಲೆ ಕುರುಡು ಬರುವುದೇ ಎಂದು ಮನೆಯವರೂ ಊರವರೂ ಒಪ್ಪಿಕೊಂಡುಬಿಟ್ಟಿದ್ದರು.

ಹೀಗೆ ಒಪ್ಪಿಕೊಳ್ಳದ ಒಬ್ಬ ವೈದ್ಯರು ಇದೇ ನೆಲದಲ್ಲಿ ಹುಟ್ಟಿದರು. ರೋಗಿ ವೈದ್ಯನ ಬಳಿಗೆ ಬರಲಾರದಿದ್ದರೆ ವೈದ್ಯನೇ ರೋಗಿಯ ಬಳಿಗೆ ಹೋಗಬೇಕು ಎಂದು ನಂಬಿ, ಅರ್ಧ ಶತಮಾನ ಹಾಗೆಯೇ ನಡೆದುಕೊಂಡರು. ಅವರೇ ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿ. ನಿಮ್ಮಲ್ಲಿ ಹಿರಿಯರಾದವರಿಗೆ ಈ ಹೆಸರು ಹೊಸದಲ್ಲ. ಕಿರಿಯರಿಗಾಗಿ ಅವರ ಬಾಳಿನ ಕಥೆಯನ್ನು ಮತ್ತೊಮ್ಮೆ ಹೇಳಬೇಕಾಗಿದೆ.

ಬೀಳಗಿಯಿಂದ ಹೊರಟ ದಾರಿ

ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಮೋದಿಯವರು ಬೀಳಗಿಯಲ್ಲಿ ಜನಿಸಿದರು. ಆಗ ಬೀಳಗಿ ವಿಜಾಪುರ ಜಿಲ್ಲೆಗೆ ಸೇರಿತ್ತು; ಆ ಜಿಲ್ಲೆ ಮುಂಬಯಿ ಪ್ರಾಂತದ ಭಾಗವಾಗಿತ್ತು. 1997ರಲ್ಲಿ ಜಿಲ್ಲೆ ಎರಡಾದ ಮೇಲೆ ಬೀಳಗಿ ಬಾಗಲಕೋಟೆಯ ಪಾಲಾಯಿತು. ಕೃಷ್ಣೆ ಹರಿಯುವ ಜಿಲ್ಲೆಯಾದರೂ ಅದು ಬರಕ್ಕೆ ಹೆಸರಾದ ನಾಡು. ಬೇಸಿಗೆಯಲ್ಲಿ ಬಾವಿಗಳು ಬತ್ತುವುದು, ಹೆಣ್ಣುಮಕ್ಕಳು ಕೊಡ ಹೊತ್ತು ದೂರ ನಡೆಯುವುದು, ಬರ ಬಿದ್ದ ವರ್ಷ ಜನ ಗುಳೆ ಹೋಗುವುದು ಆ ಸೀಮೆಯ ಮಕ್ಕಳೆಲ್ಲ ಕಂಡು ಬೆಳೆದ ಬದುಕು.

ವೈದ್ಯ ವಿದ್ಯೆ ಕಲಿತು ಕಣ್ಣಿನ ಚಿಕಿತ್ಸೆಯಲ್ಲಿ ಪಳಗಿದ ತರುಣನಿಗೆ ಆ ಕಾಲದಲ್ಲಿ ಪೇಟೆಯಲ್ಲಿ ಒಳ್ಳೆಯ ಸಂಪಾದನೆಯ ಮಾರ್ಗ ತೆರೆದೇ ಇತ್ತು. ಆದರೆ ಅದು 1942ರ ಕಾಲ. ಗಾಂಧೀಜಿಯವರು ದೇಶಕ್ಕೆ ಚಲೇಜಾವ್ ಚಳವಳಿಯ ಕರೆ ಕೊಟ್ಟಿದ್ದರು. ಹಳ್ಳಿಗೆ ಹೋಗಿ ದುಡಿಯಬೇಕೆಂಬ ಮಾತು ಸಾವಿರಾರು ತರುಣರ ಮನಸ್ಸನ್ನು ತಟ್ಟಿತು. ಮೋದಿಯವರ ಮನಸ್ಸನ್ನೂ ಅದು ತಟ್ಟಿತು. ತನಗೆ ತಿಳಿದ ವಿದ್ಯೆ ಒಂದೇ, ಕಣ್ಣಿನದು. ಅದನ್ನೇ ಹಳ್ಳಿಗೆ ಒಯ್ಯುವುದೆಂದು ಅವರು ನಿಶ್ಚಯಿಸಿದರು. 1943ರಲ್ಲಿ ಅವರ ಸಾಮೂಹಿಕ ನೇತ್ರ ಶಸ್ತ್ರಚಿಕಿತ್ಸೆಯ ಕೆಲಸ ಆರಂಭವಾಯಿತು. ಬಡವರಿಂದ ಹಣ ಪಡೆಯದ ಶಿಬಿರಗಳು ಅವು. ಒಂದು ಊರಿನಿಂದ ಮತ್ತೊಂದು ಊರಿಗೆ, ಒಂದು ಪ್ರಾಂತದಿಂದ ಮತ್ತೊಂದು ಪ್ರಾಂತಕ್ಕೆ ಆ ಪಯಣ ಸಾಗಿತು.

ಶಿಬಿರ ಎಂದರೆ ಹೇಗಿರುತ್ತಿತ್ತು?

ಈಗಿನ ಮಕ್ಕಳಿಗೆ ಆ ಕಾಲದ ನೇತ್ರ ಶಿಬಿರದ ಕಲ್ಪನೆ ಇರಲಾರದು. ಊರಿನ ಶಾಲೆಯೋ ಛತ್ರವೋ ಆಸ್ಪತ್ರೆಯಾಗುತ್ತಿತ್ತು. ಡಂಗುರ ಸಾರುತ್ತಿದ್ದರು. ಸುತ್ತಲಿನ ಹಳ್ಳಿಗಳಿಂದ ಬಂಡಿಗಳಲ್ಲಿ, ಕಾಲ್ನಡಿಗೆಯಲ್ಲಿ ಜನ ಬಂದು ಸಾಲಾಗಿ ಕುಳಿತುಕೊಳ್ಳುತ್ತಿದ್ದರು. ಊರ ಹಿರಿಯರು ಅಕ್ಕಿ, ಬೇಳೆ ಕೂಡಿಸಿ ಅಡುಗೆ ಮಾಡಿಸುತ್ತಿದ್ದರು. ಶಾಲೆಯ ಹುಡುಗರು ಸ್ವಯಂಸೇವಕರಾಗಿ ಅಜ್ಜ ಅಜ್ಜಿಯರ ಕೈ ಹಿಡಿದು ನಡೆಸುತ್ತಿದ್ದರು.

ಹಳ್ಳಿಯ ವೃದ್ಧರ ಕುರುಡಿಗೆ ಮುಖ್ಯ ಕಾರಣ ಕಣ್ಣಿನ ಪೊರೆ. ನಮ್ಮ ಕಡೆ ಅದನ್ನು ಮೋತಿಬಿಂದು ಎನ್ನುತ್ತಾರೆ. ಕಣ್ಣಿನೊಳಗಿನ ಮಸೂರ ಬೆಳ್ಳಗಾಗಿ ಬೆಳಕನ್ನು ತಡೆಯುತ್ತದೆ. ಅಂದಿನ ವಿಧಾನದಲ್ಲಿ ಆ ಮಸೂರವನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು. ಅದರ ಜಾಗದಲ್ಲಿ ಕೃತಕ ಮಸೂರ ಇಡುವ ವ್ಯವಸ್ಥೆ ಶಿಬಿರಗಳಿಗೆ ಇನ್ನೂ ಬಂದಿರಲಿಲ್ಲ. ಶಸ್ತ್ರಚಿಕಿತ್ಸೆಯಾದವರು ಪಟ್ಟಿ ಕಟ್ಟಿಸಿಕೊಂಡು ಕೆಲವು ದಿನ ಅಲ್ಲಾಡದೆ ಚಾಪೆಯ ಮೇಲೆ ಮಲಗಿರಬೇಕಾಗಿತ್ತು. ಕೊನೆಗೆ ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಕನ್ನಡಕ ಏರಿಸಿದ ಅಜ್ಜಿ ಮೊದಲು ತನ್ನ ಕೈ ಬೆರಳುಗಳನ್ನು, ಬಳಿಕ ಎದುರು ನಿಂತ ಮಗಳ ಮುಖವನ್ನು ನೋಡುವ ಆ ಗಳಿಗೆಗಾಗಿ ಊರೇ ಕಾದಿರುತ್ತಿತ್ತು.

ಮೋದಿಯವರು ಈ ಕೆಲಸದಲ್ಲಿ ತೋರಿದ ವೇಗ ಜಗತ್ತಿನ ಗಮನ ಸೆಳೆಯಿತು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದರೆಂದು ಗಿನ್ನೆಸ್ ದಾಖಲೆ ಪುಸ್ತಕ ಬರೆದುಕೊಂಡಿತು. ನೀವೇ ಲೆಕ್ಕ ಹಾಕಿ. ಇಪ್ಪತ್ನಾಲ್ಕು ಗಂಟೆಯೂ ಕಣ್ಣು ಮುಚ್ಚದೆ ದುಡಿದರೂ ಒಬ್ಬ ರೋಗಿಗೆ ಎರಡು ನಿಮಿಷವೂ ಸಿಗುವುದಿಲ್ಲ. ಮರಗಟ್ಟಿಸುವುದು, ಕಣ್ಣು ತೊಳೆಯುವುದು, ಪಟ್ಟಿ ಕಟ್ಟುವುದು ಇವೆಲ್ಲವನ್ನೂ ನುರಿತ ಸಹಾಯಕರು ಮಾಡುತ್ತಿದ್ದರೆ, ವೈದ್ಯರು ಮೇಜಿನಿಂದ ಮೇಜಿಗೆ ಸಾಗುತ್ತಾ ಮುಖ್ಯವಾದ ಕೆಲಸವನ್ನಷ್ಟೇ ತಮ್ಮ ಕೈಯಿಂದ ಮಾಡಿದಾಗ ಮಾತ್ರ ಇದು ಸಾಧ್ಯ.

ಇಪ್ಪತ್ತು ಮಂದಿಯಲ್ಲಿ ಒಬ್ಬರು

ವಾಚಕರೇ, 833 ಎಂಬ ಸಂಖ್ಯೆಯನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅದೇ ದಾಖಲೆಯಲ್ಲಿ ಇನ್ನೂ ಕೆಲವು ಸಂಖ್ಯೆಗಳಿವೆ. ಅವುಗಳ ಕಡೆಗೆ ನಿಮ್ಮ ಗಮನವನ್ನು ಸೆಳೆಯಬಯಸುತ್ತೇವೆ. 1993ರ ಫೆಬ್ರವರಿಯ ಹೊತ್ತಿಗೆ ಮೋದಿಯವರು 46,120 ಹಳ್ಳಿಗಳಿಗೆ ಹೋಗಿದ್ದರು. 1,21,18,630 ಮಂದಿಯ ಕಣ್ಣುಗಳನ್ನು ನೋಡಿದ್ದರು. 6,10,564 ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದರು.

ಐವತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಒಂಬೈನೂರಕ್ಕೂ ಹೆಚ್ಚು ಹಳ್ಳಿಗಳು, ದಿನಕ್ಕೆ ಆರುನೂರಕ್ಕೂ ಹೆಚ್ಚು ರೋಗಿಗಳು. ಇನ್ನೊಂದು ಲೆಕ್ಕವನ್ನೂ ನೋಡಿ. ನೋಡಿದ ರೋಗಿಗಳು ಒಂದು ಕೋಟಿ ಇಪ್ಪತ್ತೊಂದು ಲಕ್ಷ; ಶಸ್ತ್ರಚಿಕಿತ್ಸೆಗಳು ಆರು ಲಕ್ಷ ಹತ್ತು ಸಾವಿರ. ಅಂದರೆ ಇಪ್ಪತ್ತು ರೋಗಿಗಳಿಗೆ ಸುಮಾರು ಒಂದು ಶಸ್ತ್ರಚಿಕಿತ್ಸೆ.

ಉಳಿದ ಹತ್ತೊಂಬತ್ತು ಮಂದಿ ಯಾರು? ನಮ್ಮ ಹಳ್ಳಿಗಳ ಕಣ್ಣಿನ ಕಾಯಿಲೆಗಳನ್ನು ಬಲ್ಲವರಿಗೆ ಇದನ್ನು ಊಹಿಸುವುದು ಕಷ್ಟವಲ್ಲ. ಬರೀ ಕನ್ನಡಕ ಸಾಕಾಗಿದ್ದವರು. ಪೊರೆ ಇನ್ನೂ ಬಲಿಯದೆ ಇದ್ದವರು. ತರಕಾರಿ, ಹಾಲು ಕಾಣದೆ ಎ ಜೀವಸತ್ವ ಕಡಿಮೆಯಾಗಿ ಇರುಳುಗಣ್ಣು ಬಂದ ಮಕ್ಕಳು. ಗ್ಲಾಕೋಮಾದಿಂದ ಕಣ್ಣಿನ ನರವೇ ಸತ್ತು, ಏನು ಮಾಡಿದರೂ ದೃಷ್ಟಿ ಮರಳಲಾರದವರು. ಕಣ್ಣು ಕೆಂಪಾಗಿ ಗೀಜು ಕಟ್ಟಿದವರು. ರೆಪ್ಪೆಯ ಕೂದಲು ಒಳಕ್ಕೆ ತಿರುಗಿ, ಕಣ್ಣು ತೆರೆಯಲಾರದೆ ಸೆರಗಿನಿಂದ ಒರೆಸಿಕೊಳ್ಳುತ್ತಾ ಕುಳಿತ ತಾಯಂದಿರು.

ಸಾಲಿನಲ್ಲಿ ಕುಳಿತ ಪ್ರತಿಯೊಬ್ಬರನ್ನೂ ನೋಡಿ, ಯಾರಿಗೆ ಶಸ್ತ್ರಚಿಕಿತ್ಸೆ, ಯಾರಿಗೆ ಔಷಧಿ, ಯಾರಿಗೆ ಏನೂ ಮಾಡಲಾಗದು ಎಂದು ನಿರ್ಧರಿಸುವುದು ಕಣ್ಣಿನ ವೈದ್ಯನ ಮೊದಲನೆಯ ಹೊಣೆ. ರೆಪ್ಪೆಯಲ್ಲಿ ಸೋಂಕಿದ್ದವರ ಕಣ್ಣಿಗೆ ಹಾಗೆಯೇ ಕತ್ತರಿ ಹಾಕಿದರೆ ಸೋಂಕು ಒಳಕ್ಕಿಳಿದು ಇದ್ದ ಕಣ್ಣೂ ಹೋಗುತ್ತದೆ. ಆದ್ದರಿಂದ ಪೊರೆಗಿಂತ ಮೊದಲು ರೆಪ್ಪೆಯನ್ನು ನೋಡಬೇಕು. ಅಲ್ಲಿ ಕಾಣಬರುತ್ತಿದ್ದ ರೋಗಗಳಲ್ಲಿ ಬಹಳ ಕ್ರೂರವಾದುದು ಟ್ರಕೋಮಾ.

ರೆಪ್ಪೆಯ ಒಳಗೆ ಅಡಗಿದ ವೈರಿ

ಟ್ರಕೋಮಾ ಎಂಬ ಗ್ರೀಕ್ ಶಬ್ದಕ್ಕೆ ಒರಟುತನ ಎಂದರ್ಥ. ಮೇಲಿನ ರೆಪ್ಪೆಯ ಒಳಮೈ ಸಹಜವಾಗಿ ನುಣುಪಾಗಿರುತ್ತದೆ. ಈ ರೋಗ ತಗುಲಿದಾಗ ಅಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದು ಒರಟಾಗುತ್ತದೆ. ಕ್ಲಮೈಡಿಯಾ ಎಂಬ ಅತಿ ಸೂಕ್ಷ್ಮ ಜೀವಾಣು ಇದಕ್ಕೆ ಕಾರಣ. ಚೀನಾದ ವಿಜ್ಞಾನಿ ಟಾಂಗ್ ಫೈಫಾನ್ ಅದನ್ನು ಬೇರ್ಪಡಿಸಿ ಬೆಳೆಸಿ 1957ರಲ್ಲಿ ಜಗತ್ತಿಗೆ ತಿಳಿಸಿದರು. ಮೋದಿಯವರು ಹಳ್ಳಿ ಸುತ್ತಲು ಆರಂಭಿಸಿದಾಗ ಈ ರೋಗದ ಜೀವಾಣುವನ್ನು ಯಾರೂ ಹಾಗೆ ಹಿಡಿದು ತೋರಿಸಿರಲಿಲ್ಲ.

ಇದು ನೀರಿಲ್ಲದ ಊರಿನ ರೋಗ. ಕೊಡ ನೀರು ಕುಡಿಯುವುದಕ್ಕೇ ಸಾಲದಾಗ ಮಗುವಿನ ಮುಖ ತೊಳೆಯಲು ಎಲ್ಲಿಂದ ತರಬೇಕು? ತೊಳೆಯದ ಮುಖದ ಗೀಜಿಗೆ ನೊಣ ಮುತ್ತುತ್ತದೆ. ಅದೇ ನೊಣ ಪಕ್ಕದ ಮಗುವಿನ ಕಣ್ಣಿಗೆ ಹಾರುತ್ತದೆ. ತಾಯಿ ಒಂದೇ ಸೆರಗಿನಿಂದ ನಾಲ್ಕು ಮಕ್ಕಳ ಕಣ್ಣು ಒರೆಸುತ್ತಾಳೆ. ಒಂದೇ ಬೆರಳಿನಿಂದ ಎಲ್ಲರಿಗೂ ಕಾಡಿಗೆ ಹಚ್ಚುತ್ತಾಳೆ. ಪ್ರೀತಿಯಿಂದಲೇ ಮಾಡುವ ಈ ಕೆಲಸಗಳಿಂದ ರೋಗ ಮನೆಯೆಲ್ಲ ಹರಡುತ್ತದೆ. ಪಂಜಾಬ, ರಾಜಸ್ಥಾನ, ಗುಜರಾತಿನಂಥ ಒಣ ಪ್ರದೇಶಗಳಲ್ಲಿ ಅದರ ಹಾವಳಿ ಬಹಳವಿತ್ತು; ದಕ್ಷಿಣದಲ್ಲಿ ಅಷ್ಟಿರಲಿಲ್ಲ.

ಒಮ್ಮೆ ಬಂದುಹೋದರೆ ಕಣ್ಣು ಹಾಳಾಗುವುದಿಲ್ಲ. ಬಾಲ್ಯದಲ್ಲಿ ಮತ್ತೆ ಮತ್ತೆ ಸೋಂಕು ತಗುಲಿದಾಗ ರೆಪ್ಪೆಯ ಒಳಗೆ ಬಿಳಿಯ ಕಲೆಗಳು ಉಳಿಯುತ್ತವೆ. ಸುಟ್ಟ ಗಾಯ ಮಾಯ್ದ ಮೇಲೆ ಚರ್ಮ ಸೆಳೆದುಕೊಳ್ಳುವುದನ್ನು ನೀವು ಕಂಡಿರಬಹುದು. ಹಾಗೆಯೇ ಈ ಕಲೆಗಳೂ ವರ್ಷಗಳು ಕಳೆದಂತೆ ರೆಪ್ಪೆಯನ್ನು ಒಳಕ್ಕೆ ಸೆಳೆಯುತ್ತವೆ. ರೆಪ್ಪೆಯ ಅಂಚು ಒಳಕ್ಕೆ ಮಡಚಿಕೊಂಡು ಕೂದಲು ಕಣ್ಣಿನ ಗುಡ್ಡೆಗೆ ತಾಗುತ್ತದೆ. ಕಣ್ಣು ಮಿಟುಕಿಸಿದಾಗಲೆಲ್ಲ ಆ ಕೂದಲು ಕರಿಗುಡ್ಡೆಯ ಮುಂದಿನ ಗಾಜಿನಂಥ ಪದರವನ್ನು ಉಜ್ಜುತ್ತದೆ. ದಿನಕ್ಕೆ ಸಾವಿರಾರು ಬಾರಿ ನಾವು ಕಣ್ಣು ಮಿಟುಕಿಸುತ್ತೇವೆ. ಉಜ್ಜಿ ಉಜ್ಜಿ ಹುಣ್ಣಾಗಿ, ಹುಣ್ಣು ಮಾಯ್ದು ಬಿಳಿಯಾಗುತ್ತದೆ. ಕಣ್ಣಿಗೆ ಹೂ ಬಿತ್ತು ಎಂದು ಜನ ಹೇಳುವುದು ಇಂಥ ಬಿಳುಪನ್ನೇ. ಮಕ್ಕಳ ಜೊತೆ ಸದಾ ಇರುವ ಕಾರಣದಿಂದ ಹೆಂಗಸರಿಗೆ ಈ ಕುರುಡು ಗಂಡಸರಿಗಿಂತ ಹೆಚ್ಚು.

ಪೊರೆಯ ಕುರುಡನ್ನು ಕೆಲವೇ ನಿಮಿಷಗಳ ಶಸ್ತ್ರಚಿಕಿತ್ಸೆ ನೀಗಿಸಬಲ್ಲದು. ಹೂ ಬಿದ್ದ ಕಣ್ಣಿಗೆ ಆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ. ದಾನವಾಗಿ ಬಂದ ಕಾರ್ನಿಯಾವನ್ನು ಕಸಿ ಮಾಡಿದರೂ, ಕಣ್ಣೀರು ಬತ್ತಿ ರೆಪ್ಪೆ ಕೆಟ್ಟ ಅಂಥ ಕಣ್ಣಿನಲ್ಲಿ ಅದು ಚೆನ್ನಾಗಿ ಹಿಡಿಯುವುದಿಲ್ಲ. ಒಂದೇ ದಿನ ನೂರಾರು ಕಣ್ಣು ತೆರೆಸಬಲ್ಲ ವೈದ್ಯನೂ ಇಂಥವರ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಆದ್ದರಿಂದಲೇ ಈ ರೋಗವನ್ನು ಬೇಗ ಗುರುತಿಸುವುದು ಮುಖ್ಯ.

ಗುರುತಿಸುವುದು ಹೇಗೆ, ಚಿಕಿತ್ಸೆ ಏನು?

ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಒಳ್ಳೆಯ ಬೆಳಕು, ಒಂದು ಭೂತಗನ್ನಡಿ, ತೊಳೆದ ಕೈ ಇಷ್ಟೇ ಸಾಕು. ಕೂದಲು ಗುಡ್ಡೆಗೆ ತಾಗುತ್ತಿದೆಯೇ, ಕರಿಗುಡ್ಡೆಯ ಮೇಲೆ ಬಿಳುಪಿದೆಯೇ ಎಂದು ವೈದ್ಯರು ಮೊದಲು ನೋಡುತ್ತಾರೆ. ಬಳಿಕ ಕೆಳಗೆ ನೋಡಲು ಹೇಳಿ, ರೆಪ್ಪೆಗೂದಲನ್ನು ಮೆಲ್ಲನೆ ಹಿಡಿದು ಮೇಲಿನ ರೆಪ್ಪೆಯನ್ನು ಹೊರಮಗ್ಗುಲಾಗಿ ತಿರುಗಿಸುತ್ತಾರೆ. ರೆಪ್ಪೆಯ ನಡುಭಾಗದಲ್ಲಿ ಅರ್ಧ ಮಿಲಿಮೀಟರಿಗೆ ಕಡಿಮೆಯಿಲ್ಲದ ಐದು ಅಥವಾ ಹೆಚ್ಚು ಗುಳ್ಳೆಗಳಿದ್ದರೆ ರೋಗ ಇನ್ನೂ ಜೀವಂತವಾಗಿದೆ ಎಂದರ್ಥ. ಬಿಳಿಯ ಗೆರೆಗಳಿದ್ದರೆ ಹಿಂದೆ ಬಂದ ರೋಗದ ಕಲೆ. ಒಂದು ಕೂದಲಾದರೂ ಗುಡ್ಡೆಗೆ ತಾಗುತ್ತಿದ್ದರೆ ತಡಮಾಡುವಂತಿಲ್ಲ.

ರೋಗ ಜೀವಂತವಾಗಿದ್ದರೆ ಔಷಧಿಯಿಂದ ಗುಣವಾಗುತ್ತದೆ. ಹಿಂದೆ ಟೆಟ್ರಾಸೈಕ್ಲಿನ್ ಮುಲಾಮನ್ನು ದಿನಕ್ಕೆರಡು ಸಲದಂತೆ ಆರು ವಾರ ಹಚ್ಚಬೇಕಾಗಿತ್ತು. ಕಣ್ಣು ಉರಿಯುತ್ತದೆಂದು ಅನೇಕರು ನಡುವೆಯೇ ಬಿಟ್ಟುಬಿಡುತ್ತಿದ್ದರು. ಈಗ ಅಜಿತ್ರೋಮೈಸಿನ್ ಔಷಧಿಯನ್ನು ಒಂದೇ ಸಲ ನುಂಗಿಸಿದರೆ ಸಾಕಾಗುತ್ತದೆ. ಮನೆಯ ಒಬ್ಬರಿಗೆ ಮಾತ್ರ ಕೊಟ್ಟರೆ ಫಲವಿಲ್ಲ. ರೋಗವಿರುವ ಊರಿನಲ್ಲಿ ಎಲ್ಲರಿಗೂ ಕೊಡಬೇಕು.

ಕೂದಲು ಒಳಕ್ಕೆ ತಿರುಗಿದ್ದರೆ ಔಷಧಿ ಸಾಲದು. ಚಿಮಟದಿಂದ ಕೂದಲು ಕೀಳುವುದು ನಮ್ಮ ಅಜ್ಜಿಯಂದಿರ ಪದ್ಧತಿ. ಅದರಿಂದ ತಾತ್ಕಾಲಿಕ ನೆಮ್ಮದಿ ಸಿಗುತ್ತದೆ, ಆದರೆ ಕೆಲವೇ ವಾರಗಳಲ್ಲಿ ಕೂದಲು ಮತ್ತೆ ಬೆಳೆಯುತ್ತದೆ. ಅರ್ಧಕ್ಕೆ ತುಂಡಾದರೆ ಮೊಂಡು ಕೂದಲು ಮೊದಲಿಗಿಂತ ಹೆಚ್ಚು ಚುಚ್ಚುತ್ತದೆ. ಸರಿಯಾದ ಪರಿಹಾರವೆಂದರೆ ರೆಪ್ಪೆಯ ಶಸ್ತ್ರಚಿಕಿತ್ಸೆ. ರೆಪ್ಪೆಯನ್ನು ಮಾತ್ರ ಮರಗಟ್ಟಿಸಿ, ಅಂಚಿನ ಬಳಿ ಸೀಳಿ, ಅಂಚು ಹೊರಕ್ಕೆ ತಿರುಗುವಂತೆ ಹೊಲಿಗೆ ಹಾಕುತ್ತಾರೆ. ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸ. ಹೋದ ದೃಷ್ಟಿಯನ್ನು ಅದು ಪೂರ್ತಿ ತಂದುಕೊಡದಿದ್ದರೂ ನೋವು ನಿಲ್ಲುತ್ತದೆ, ಉಳಿದ ದೃಷ್ಟಿ ಉಳಿಯುತ್ತದೆ. ಕೆಲವರಿಗೆ ಕೂದಲು ಮತ್ತೆ ಒಳತಿರುಗುವುದುಂಟು. ಆದ್ದರಿಂದ ಮರಳಿ ತೋರಿಸುತ್ತಿರಬೇಕು.

ಗೌರವಗಳು, ಕೊನೆಯ ದಿನಗಳು

ಮೋದಿಯವರ ಸೇವೆಯನ್ನು ದೇಶ ಗುರುತಿಸದೆ ಇರಲಿಲ್ಲ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಬಂದವು. ಪ್ರಶಸ್ತಿ ಬಂದ ಮೇಲೂ ತಿರುಗಾಟ ನಿಲ್ಲಲಿಲ್ಲ. ಸಾಮಾನ್ಯ ನೌಕರನೊಬ್ಬ ನಿವೃತ್ತನಾಗಿ ವಿಶ್ರಾಂತಿ ಪಡೆಯುವ ವಯಸ್ಸನ್ನು ದಾಟಿದ ಮೇಲೂ ಅವರ ಲೆಕ್ಕದ ಪುಸ್ತಕಕ್ಕೆ ಹೊಸ ಹಳ್ಳಿಗಳು ಸೇರುತ್ತಲೇ ಇದ್ದವು. ಬೆಂಗಳೂರಿನಲ್ಲಿ ಅವರ ಹೆಸರಿನ ಧರ್ಮಾರ್ಥ ಕಣ್ಣಿನ ಆಸ್ಪತ್ರೆ ಬೆಳೆಯಿತು. ಅದರಿಂದ ಅಲ್ಲಿನ ರಸ್ತೆಗೂ ಮೋದಿ ಆಸ್ಪತ್ರೆ ರಸ್ತೆ ಎಂಬ ಹೆಸರಾಯಿತು. 2005ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ ತೊಂಬತ್ತರ ಆಸುಪಾಸು.

ಅವರ ಕಾಲದ ಶಿಬಿರ ಪದ್ಧತಿ ಈಗ ಬದಲಾಗಿದೆ. ಶಾಲೆ, ಛತ್ರಗಳಲ್ಲಿ ಕಣ್ಣು ಕೊಯ್ಯುವುದರಿಂದ ಸೋಂಕಿನ ಅಪಾಯ ಹೆಚ್ಚು. ಆದ್ದರಿಂದ ಈಗ ಹಳ್ಳಿಯಲ್ಲಿ ಪರೀಕ್ಷೆ ಮಾತ್ರ ನಡೆಸಿ, ಶಸ್ತ್ರಚಿಕಿತ್ಸೆಗೆ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಇದು ಒಳ್ಳೆಯ ಬದಲಾವಣೆಯೇ. ಆದರೆ ರೋಗಿಯನ್ನು ಹುಡುಕಿಕೊಂಡು ಹಳ್ಳಿಗೆ ಹೋಗುವ ಮೊದಲ ಹೆಜ್ಜೆ ಹಾಗೆಯೇ ಉಳಿದಿದೆ. ಆ ಹೆಜ್ಜೆಯನ್ನು ನಾಡಿಗೆ ರೂಢಿ ಮಾಡಿಸಿದವರಲ್ಲಿ ಬೀಳಗಿಯ ಈ ವೈದ್ಯರು ಮುಂಚೂಣಿಯಲ್ಲಿದ್ದರು.

ಟ್ರಕೋಮಾದ ಕಥೆಯೂ ಬದಲಾಗಿದೆ. ಭಾರತ ಸರಕಾರ 1963ರಲ್ಲಿ ಅದರ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 1976ರಲ್ಲಿ ಅದು ಅಂಧತ್ವ ನಿಯಂತ್ರಣದ ದೊಡ್ಡ ಕಾರ್ಯಕ್ರಮದಲ್ಲಿ ಸೇರಿತು. ಊರೂರಿಗೆ ನಲ್ಲಿ ಬಂತು, ಔಷಧಿ ಬಂತು. ಕೊನೆಗೆ 2024ರ ಅಕ್ಟೋಬರಿನಲ್ಲಿ, ಟ್ರಕೋಮಾ ಭಾರತದಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಮಾನ್ಯ ಮಾಡಿತು. ಇದನ್ನು ನೋಡಲು ಮೋದಿಯವರು ಇರಲಿಲ್ಲ. ಹಾಗೆಂದು ಒಬ್ಬ ರೋಗಿಯೂ ಉಳಿದಿಲ್ಲ ಎಂದಲ್ಲ. ಬಾಲ್ಯದಲ್ಲಿ ಸೋಂಕು ತಗುಲಿದ್ದ ಹಿರಿಯರ ರೆಪ್ಪೆ ಈಗಲೂ ಒಳಕ್ಕೆ ತಿರುಗಬಹುದು.

ನಮ್ಮ ಮನೆಯಲ್ಲಿ ನಾವು

ಪ್ರಿಯ ವಾಚಕರೇ, ಕೋಟಿ ಕಣ್ಣುಗಳನ್ನು ನೋಡುವ ಸಾಮರ್ಥ್ಯ ನಮಗಿಲ್ಲ. ನಮ್ಮ ಮನೆಯವರ ಕಣ್ಣುಗಳನ್ನು ನೋಡಬಹುದಲ್ಲವೇ? ಅಜ್ಜಿ ಸದಾ ಕಣ್ಣೊರೆಸಿಕೊಳ್ಳುತ್ತಿದ್ದರೆ, ಬೆಳಕಿಗೆ ಮುಖ ತಿರುಗಿಸಿದರೆ, ಕಣ್ಣಲ್ಲಿ ಕಸ ಬಿದ್ದಂತಿದೆ ಎನ್ನುತ್ತಿದ್ದರೆ ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ಬೆಳಕಿಗೆ ಕೂರಿಸಿ ರೆಪ್ಪೆಗೂದಲು ಎತ್ತ ತಿರುಗಿದೆ ನೋಡಿ. ಮನೆಯಲ್ಲೇ ಕೂದಲು ಕೀಳದೆ, ಅಂಗಡಿಯಿಂದ ಸಿಕ್ಕ ಹನಿ ತಂದು ಹಾಕದೆ, ಕಣ್ಣಿನ ವೈದ್ಯರಿಗೆ ತೋರಿಸಿ. ಮಕ್ಕಳ ಮುಖವನ್ನು ಬೆಳಿಗ್ಗೆ, ಸಂಜೆ ತೊಳೆಯಿರಿ. ಒಬ್ಬೊಬ್ಬರಿಗೂ ಬೇರೆ ಬೇರೆ ಟವೆಲ್ ಇರಲಿ. ಒಂದೇ ಡಬ್ಬಿಯ ಕಾಡಿಗೆಯನ್ನು ಎಲ್ಲ ಮಕ್ಕಳಿಗೂ ಹಚ್ಚುವ ರೂಢಿಯನ್ನು ಬಿಡಿ. ಮನೆಯ ಸುತ್ತ ನೊಣ ಕೂರುವ ತಿಪ್ಪೆ ಬೇಡ.

ನಿಮ್ಮ ಧರ್ಮಕೇಂದ್ರದಲ್ಲಿ ನೇತ್ರ ತಪಾಸಣೆಯ ದಿನ ಗೊತ್ತಾದಾಗ, ನಡೆಯಲಾರದ ನೆರೆಯವರು ಯಾರಿದ್ದಾರೆಂದು ಒಮ್ಮೆ ನೆನೆಯಿರಿ. ಅವರು ಯಾವ ಜಾತಿ, ಯಾವ ಮತ ಎಂದು ಕೇಳದೆ ಕೈ ಹಿಡಿದು ಕರೆತನ್ನಿ. ಆಸ್ಪತ್ರೆ ಹತ್ತಿರವಾದ ಈ ಕಾಲದಲ್ಲಿಯೂ ಕಟ್ಟೆಯ ಮೇಲೆ ಕುಳಿತ ಮುತ್ಯಾನಿಗೆ ಅದು ದೂರವೇ. ಅವನನ್ನು ಕರೆದೊಯ್ಯಲು ಯಾರಾದರೂ ಒಬ್ಬರು ಅವನ ಮನೆಯ ತನಕ ನಡೆದುಹೋಗಬೇಕು.